ಅಳದ ಕೂಸುಗಳ ನೆಲ

ಹೆರಿಗೆಮನೆಯ ನೆಲದ ಮೇಲೆ ಮೂಲದರ್ಶಿ ಆಮೆಯ ಹಾಗೆ ತೆವಳುತ್ತಿತ್ತು. ಬುಟ್ಟಿಯಷ್ಟು ಗಾತ್ರದ ಆ ಯಂತ್ರ ಹೋದಲ್ಲೆಲ್ಲ ತೆಳುವಾದ ನೀಲಿ ಬೆಳಕು ಚೆಲ್ಲುತ್ತಿತ್ತು. ಸೂಲಗಿತ್ತಿ ನಸಿಲೇಲೆ ಬಾಗಿಲಿಗೊರಗಿ ನಿಂತಿದ್ದಳು.

ಪ್ರತಿ ಕಾರ್ಖಾನೆಯ ಸಿಮೆಂಟಿಗೂ ತನ್ನದೇ ಆದ ಖನಿಜಗುರುತು ಇರುತ್ತದೆ. ನೀರು ಬಿದ್ದ ದಿನದಿಂದ ಅದರೊಳಗೆ ಹರಳುಗಳು ಮರದ ಉಂಗುರಗಳಂತೆ ವರ್ಷ ವರ್ಷವೂ ಬೆಳೆಯುತ್ತವೆ. ಎಲ್ಲಿಂದ ಬಂದದ್ದು, ಯಾವಾಗ ಕಲಸಿದ್ದು, ಎರಡನ್ನೂ ಮೂಲದರ್ಶಿ ಓದಬಲ್ಲದು.

ಮೂವತ್ತು ವರ್ಷಗಳ ಹಿಂದೆ ಕರಿಂಬಾ ದೇಶವನ್ನಾಳುತ್ತಿದ್ದ ಜನರಲ್, ನೂರು ಹೆರಿಗೆಮನೆಗಳ ಹೆಸರಿನಲ್ಲಿ ವಿದೇಶದ ಬ್ಯಾಂಕೊಂದರಿಂದ ಸಾಲ ತಂದಿದ್ದ. ಆ ಹಣದಲ್ಲಿ ಕೊಂಡ ಸಿಮೆಂಟೆಲ್ಲ ಅವನ ಅರಮನೆಗೆ ಹೋಯಿತು. ಅವನು ಓಡಿಹೋದ ಮೇಲೆ ಜನ ಅರಮನೆಯನ್ನು ಕೆಡವಿ ಸಮುದ್ರಕ್ಕೆ ಸುರಿದರು. ಸಾಲ ಮಾತ್ರ ಉಳಿಯಿತು. ಅದನ್ನು ತೀರಿಸುತ್ತ ತೀರಿಸುತ್ತ ಆಸ್ಪತ್ರೆಗಳಲ್ಲಿ ಹತ್ತಿಗೂ ಗತಿಯಿಲ್ಲದಂತಾಯಿತು. ಈಗ ನ್ಯಾಯಮಂಡಳಿಯ ಮುಂದೆ ಪ್ರಜೆಗಳು, ಒಂದು ಹೆರಿಗೆಮನೆಯೂ ನಮಗೆ ಸಿಗಲಿಲ್ಲ ಎಂದಿದ್ದರು. ಸಿಕ್ಕಿದೆ, ನಮ್ಮ ಅಧಿಕಾರಿ ಕಣ್ಣಾರೆ ಕಂಡು ಸಹಿ ಹಾಕಿದ್ದಾರೆ ಎಂದು ಬ್ಯಾಂಕು ಈ ಊರಿನತ್ತ ಬೆರಳು ತೋರಿಸಿ, ಇಲ್ಲಿನ ಸಿಮೆಂಟು ಸಾಲದ್ದೇ ಎಂದು ತೋರಿಸಲು ತಾನೇ ಯಂತ್ರ ತರಿಸಿತ್ತು.

ಯಂತ್ರ ಗುಂಯ್‌ಗುಟ್ಟಿತು. ಮಂಡಳಿ ಕಳಿಸಿದ್ದ ವಿಜ್ಞಾನಿ ಮುತಿಂತಾ ಪರದೆಯನ್ನು ನೋಡಿದಳು. "ಅಮ್ಮಾ, ಇದು ಸಾಲದ ಸಿಮೆಂಟೇ."

ನಸಿಲೇಲೆ ಕುಸಿದು ಕುಳಿತಳು. ತನ್ನಿಂದಾಗಿ ಇಡೀ ದೇಶ ಸೋತಿತಲ್ಲ.

"ನಾನೇ ಕದ್ದದ್ದು, ಮಗಳೇ. ಅರಮನೆಗೆ ಕಲ್ಲು ಹೊರ್ತಿದ್ವಿ, ನಲವತ್ತು ಜನ ಹೆಂಗಸರು. ಸಂಜೆ ಕಾವಲಿನವರು ಬುಟ್ಟಿ, ಸೊಂಟ ಎಲ್ಲ ಜಾಲಾಡೋರು. ಬೆನ್ನಿಗೆ ಕಟ್ಟಿದ ಕೂಸನ್ನ ಮಾತ್ರ ಮುಟ್ತಿರ್ಲಿಲ್ಲ, ತಾಯಿ ಶಾಪ ತಟ್ಟತ್ತೆ ಅಂತ. ಬೆಳಗ್ಗೆ ಹಳೇ ಬಟ್ಟೆ ಸುತ್ತಿ ಕೂಸಿನ ಹಾಗೆ ಬೆನ್ನಿಗೆ ಕಟ್ಕೊಂಡು ಹೋಗೋದು, ಸಂಜೆ ಅದರಲ್ಲಿ ಸಿಮೆಂಟು ತುಂಬ್ಕೊಂಡು ಬರೋದು."

"ಒಬ್ಬರಿಗೂ ಅನುಮಾನ ಬರಲಿಲ್ವಾ?"

"ಒಬ್ಬ ಕೇಳಿದ, ನಿನ್ನ ಮಗು ಅಳೋದೇ ಇಲ್ವಲ್ಲೇ ಅಂತ. ಅವರಪ್ಪನ ಹಾಗೆ, ಬರೀ ನಿದ್ದೆ ಅಂದೆ."

ಮುತಿಂತಾ ನಗಲಿಲ್ಲ. ಅಧಿಕಾರಿ ಸಹಿ ಹಾಕಿದ್ದ ಬ್ಯಾಂಕಿನ ಹಳೆಯ ಪತ್ರವನ್ನೂ ಪರದೆಯನ್ನೂ ಎರಡೆರಡು ಸಲ ನೋಡಿದಳು. "ಅಧಿಕಾರಿ ಸಹಿ ಹಾಕಿದ ವರ್ಷ ಇಲ್ಲೇನಿತ್ತು? ದೊಡ್ಡ ಬರ ಬಂದಿತ್ತಲ್ಲ, ಆ ವರ್ಷ."

"ಆಗ ಇದು ನಮ್ಮತ್ತೆಯ ಮರಗೆಣಸಿನ ಹೊಲ."

"ಯಂತ್ರವೂ ಅದನ್ನೇ ಹೇಳ್ತಿದೆ. ಸಹಿ ಬಿದ್ದ ಎರಡು ವರ್ಷದ ಮೇಲೆ ಕಲಸಿದ ನೆಲ ಇದು. ಇಲ್ಲದ ಮನೆಯನ್ನ ಕಂಡೆ ಅಂತ ಬರೆದುಕೊಟ್ಟಿದ್ದಾರೆ. ಸುಳ್ಳು ಅಂತ ಗೊತ್ತಿದ್ದೂ ಕೊಟ್ಟ ಸಾಲ ಜನರ ತಲೆ ಮೇಲೆ ನಿಲ್ಲಲ್ಲ ಅಮ್ಮ. ಉಳಿದ ಸಿಮೆಂಟೆಲ್ಲ ಅರಮನೆ ಜೊತೆ ಸಮುದ್ರದಲ್ಲಿದೆ. ನೀವು ಕದ್ದಿರದಿದ್ದರೆ ನಮಗೆ ಸಾಕ್ಷಿಯೇ ಇರ್ತಿರ್ಲಿಲ್ಲ."

ಇಷ್ಟು ವರ್ಷ ನಸಿಲೇಲೆಯ ಬೆನ್ನ ಮೇಲೆ ಕುಳಿತಿದ್ದದ್ದು ಏನೋ ಇಳಿದ ಹಾಗಾಯಿತು.

ಸಾಲ ರದ್ದಾದ ಸುದ್ದಿ ಬಂದಾಗ ಅವಳು ಅದೇ ನೆಲದ ಮೇಲೆ ಹೆರಿಗೆ ಮಾಡಿಸುತ್ತಿದ್ದಳು. ಕೂಸು ಸೂರು ಹಾರುವಂತೆ ಕಿರುಚಿತು. ಬಾಣಂತಿ ಗಾಬರಿಯಾಗಿ, ಸುಮ್ಮನಿರಿಸಲೇ ಎಂದಳು.

"ಬೇಡ ಕಣೇ," ಎಂದಳು ನಸಿಲೇಲೆ, "ಅಳಲಿ ಬಿಡು. ಈಗ ಯಾರ ಭಯ."