ಒಂಬತ್ತನೇ ತರಗತಿಯ ನೆಲ

1998ರ ಫೆಬ್ರವರಿ 2, ಸೋಮವಾರ, ಬೆಳಿಗ್ಗೆ 9.40. ದಾವಣಗೆರೆಯ ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ಕೆಂಚವೀರಪ್ಪ ಚುನಾವಣಾ ಬಂದೋಬಸ್ತಿನ ಪಟ್ಟಿ ಹಿಡಿದು ತಲೆ ಕೆರೆದುಕೊಳ್ಳುತ್ತಿದ್ದಾಗ, ಸರಸ್ವತಿ ನಗರದ ಒಂದು ಹೆಣ್ಣುಮಕ್ಕಳ ಪ್ರೌಢಶಾಲೆಯಿಂದ ಇಬ್ಬರು ಬಂದರು. ಒಬ್ಬರು ಮುಖ್ಯೋಪಾಧ್ಯಾಯಿನಿ ದ್ರಾಕ್ಷಾಯಣಮ್ಮ, ಇನ್ನೊಬ್ಬರು ಆಡಳಿತ ಮಂಡಳಿಯ ಕಾರ್ಯದರ್ಶಿ ಮುರುಗೇಶಪ್ಪ. ದೂರು ಬರೆದುಕೊಟ್ಟವರು ದ್ರಾಕ್ಷಾಯಣಮ್ಮ. ಬಾಯಿ ಮಾತ್ರ ಪೂರ್ತಿ ಮುರುಗೇಶಪ್ಪನವರದೇ.

“ಒಂಬತ್ತನೇ ಕ್ಲಾಸಿನ ನೆಲಾನ ಯಾರೋ ಕುಟ್ಟಿ ಹಾಕ್ಯಾರ್ರಿ. ಹೊಸ ಟೈಲ್ಸ್ ಹಾಕ್ಸಿ ಹದಿನೈದು ದಿನ ಆಗಿಲ್ಲ. ಬೀಗ ಹಾಕಿದ್ದು ಹಾಕಿದಂಗೇ ಐತೆ. ಕೀಲಿ ಇರೋದು ಆಯಾ ಅಂಜಿನವ್ವನ ಹತ್ರ. ಇನ್ನೇನು ತನಿಖೆ ಬೇಕ್ರಿ?”

“ಬೇಕೋ ಬ್ಯಾಡೋ ನಾವು ನೋಡ್ತೀವಿ, ಕೂಡ್ರಿ.”

“ನಾಳೆ ಸಂಜೆ ಐದಕ್ಕೆ ಮಂಡಳಿ ಸಭೆ. ಆಯಮ್ಮನ್ನ ಕೆಲಸದಿಂದ ತೆಗೀತೀವಿ. ಅದಕ್ಕೊಂದು ಎಫ್‌ಐಆರ್ ಕಾಗದ ಇದ್ರೆ ಸಾಕು.”

ಹತ್ತೊಂಬತ್ತು ವರ್ಷ ಆ ಶಾಲೆಯ ಕಸ ಗುಡಿಸಿದ ಹೆಂಗಸನ್ನು ಒಂದು ಕಾಗದದಲ್ಲಿ ಗುಡಿಸಿಹಾಕುವ ಅವಸರ! ಕೆಂಚವೀರಪ್ಪನಿಗೆ ಮೈ ಉರಿಯಿತು. ಅತಿಕ್ರಮ ಪ್ರವೇಶ, ಆಸ್ತಿಗೆ ಹಾನಿ ಎಂದು ಪ್ರಕರಣ ದಾಖಲಿಸಿ, ಸಭೆಗೆ ಮೊದಲೇ ನಿಜವಾದ ಆಸಾಮಿಯನ್ನು ತಂದು ಕೂರಿಸಲೇಬೇಕೆಂದು ಹಟ ಹಿಡಿದ.

ಬೆಳಿಗ್ಗೆ 11ಕ್ಕೆ ಪಂಚನಾಮೆ. ಶಾಲೆ ಅರ್ಧ ರಿಪೇರಿಯಲ್ಲಿ, ಅರ್ಧ ಪಾಠದಲ್ಲಿತ್ತು. ವರಾಂಡದಲ್ಲಿ ಮರಳಿನ ಗುಡ್ಡೆ, ಅದರ ಪಕ್ಕದಲ್ಲೇ ಪದ್ಯ ಹೇಳುವ ಹುಡುಗಿಯರು. ಪದ್ಧತಿಯಂತೆ ಎಲ್ಲರ ಚಪ್ಪಲಿ ಬಾಗಿಲ ಹೊರಗೆ, ಒಳಗೆ ಬರಿಗಾಲು. ಒಂಬತ್ತನೇ ತರಗತಿಯ ಕೋಣೆಯಲ್ಲಿ ಮೂವತ್ತೊಂದು ಟೈಲ್ಸ್ ಒಡೆದಿದ್ದವು. ಮುಂಬಾಗಿಲ ಬೀಗ ಸರಿಯಾಗಿತ್ತು. ರಿಪೇರಿಗೆಂದು ಹಿಂದಿನ ಕಿಟಕಿಯ ಚೌಕಟ್ಟು ಕಿತ್ತಿದ್ದರಿಂದ ಅಲ್ಲಿಗೆ ತಗಡು ಅಡ್ಡ ಇಟ್ಟು ಹೊರಗಿನಿಂದ ತಂತಿ ಬಿಗಿದಿದ್ದರು.

ಅಂಜಿನವ್ವ ಕಂಬಕ್ಕೊರಗಿ ನಿಂತಿದ್ದಳು.

“ಕೀಲಿ ಯಾರಿಗಾದ್ರೂ ಕೊಟ್ಟಿದ್ದೇನವ್ವ?”

“ಇಲ್ರಿ.”

“ನಿನ್ನೆ ಎಲ್ಲಿದ್ದೆ?”

“ಆವರಗೆರ್ಯಾಗ, ನಮ್ಮನ್ಯಾಗ. ದಿನಾ ಮಂಡಿಯೂರಿ ಒರೆಸೋ ನೆಲಾನ ನಾನ್ಯಾಕ ಒಡೀಲ್ರಿ? ನನಗೇನು ತಲಿ ಕೆಟ್ಟೈತಾ?”

ಅವಳು ಅಳಲಿಲ್ಲ, ಸಿಟ್ಟಿನಲ್ಲೇ ಕೇಳಿದಳು. ಆ ಸಿಟ್ಟು ಕೆಂಚವೀರಪ್ಪನಿಗೆ ಹಿಡಿಸಿತು.

ಒಳಗೆ ಹೆಡ್ ಕಾನ್‌ಸ್ಟೇಬಲ್ ಶಬ್ಬೀರ್ ಕುಕ್ಕರಗಾಲಲ್ಲಿ ಕೂತು ಟೈಲ್ಸ್ ತುಂಡುಗಳನ್ನು ಮಗುಚಿ ನೋಡುತ್ತಿದ್ದ. ಅವನ ತಂದೆ ಜೀವಮಾನವೆಲ್ಲ ಗಾರೆ ಕೆಲಸ ಮಾಡಿದವರು.

“ಸಾರ್, ತುಂಡಿನ ಬೆನ್ನು ನೋಡ್ರಿ. ಒಂದಕ್ಕೂ ಸಿಮೆಂಟು ಹಿಡಿದಿಲ್ಲ. ಎಲ್ಲಾ ಟೊಳ್ಳಾಗಿದ್ದವು. ಗಟ್ಟಿಯಾಗಿದ್ದನ್ನ ಮುಟ್ಟೇ ಇಲ್ಲ, ಪಕ್ಕದ್ದಕ್ಕೆ ಒಂದು ಗೀರೂ ಇಲ್ಲ.”

“ತಟ್ಟಿ ನೋಡಿ ಆರಿಸಿ ಒಡೆದಾನೆ ಅಂತೀಯಾ?”

“ಹೂಂ ಸಾರ್. ಆಮೇಲೆ ಅಡಿಯ ಗಾರೆ ಕೆರೆದಾನೆ, ಹೊಸದು ಕೂರಿಸೋಕೆ ತಯಾರು ಮಾಡ್ದಂಗೆ. ಚೂರೆಲ್ಲಾ ಗುಡಿಸಿ ಸಿಮೆಂಟಿನ ಚೀಲಕ್ಕೆ ತುಂಬ್ಯಾನೆ. ಹಾಳು ಮಾಡೋಕೆ ಬಂದವ ಕಸಾ ಯಾಕ ಗುಡಿಸ್ತಾನೆ?”

ಮುರುಗೇಶಪ್ಪ ಮನೆಗೆ ಹೋಗುವವರೆಗೆ ಕಾದು ಕೆಂಚವೀರಪ್ಪ ದ್ರಾಕ್ಷಾಯಣಮ್ಮನವರನ್ನು ಕೇಳಿದ.

“ನೆಲ ಟೊಳ್ಳಾಗಿದ್ದು ನಿಮಗೆ ಗೊತ್ತಿತ್ತಾ ಮೇಡಂ?”

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. “ಗೊತ್ತಿತ್ತು. ನೆಲ ಹಾಕಿದ ಮೇಸ್ತ್ರಿ ಬಡ್ಕೊಂಡಿದ್ದ. ಬರಿಗಾಲಿನ ಮಕ್ಕಳು, ಬೆಂಚು ಎಳೆದಾಡ್ತಾರೆ, ಶಹಾಬಾದ್ ಕಲ್ಲು ಹಾಕ್ಸ್ರಿ ಅಂದ. ಹೊಸ ಜಿಲ್ಲೆ ಆಗೈತೆ, ಶಾಲೆ ಫಳಫಳ ಅನ್ಬೇಕು ಅಂತ ಕಾರ್ಯದರ್ಶಿಗಳು ಈ ಟೈಲ್ಸನ್ನೇ ತರಿಸಿದ್ರು. ಆಯ್ತು, ಸಿಮೆಂಟು ಹಿಡಿಯೋವರೆಗೆ ಏಳು ದಿನ ಯಾರೂ ಕಾಲಿಡಬಾರದು ಅಂದ. ನಾನು ಮಕ್ಕಳನ್ನ ಎಲ್ಲಿ ಕೂರಿಸ್ಲಿ? ಎರಡನೇ ದಿನಕ್ಕೇ ಬೆಂಚು ಹಾಕಿಸ್ದೆ.”

“ಆಮೇಲೆ?”

“ಮೊನ್ನೆ ಶುಕ್ರವಾರ ಬೆಂಚಿನ ಕಾಲು ಟೈಲ್ಸ್ ಒಡೆದು ಒಳಗಿಳೀತು. ಸಹನಾ ಅನ್ನೋ ಹುಡುಗಿ ಹಿಮ್ಮಡಿ ಸೀಳ್ತು. ಏಳು ಹೊಲಿಗೆ. ಟೊಳ್ಳಾಗಿದ್ದನ್ನೆಲ್ಲಾ ತೆಗೆದು ಹೊಸದು ಹಾಕ್ತೀನಿ ಅಂತ ಮೇಸ್ತ್ರಿ ನಮ್ಮ ಕಾಲಿಗೆ ಬೀಳೋದೊಂದು ಬಾಕಿ. ವಾರ್ಷಿಕೋತ್ಸವ ಮುಗೀಲಿ ಅಂದ್ರು ಕಾರ್ಯದರ್ಶಿಗಳು. ನಾನೂ ಸುಮ್ಮನಿದ್ದೆ.”

ಮೇಸ್ತ್ರಿಯ ಹೆಸರು ಭರಮಣ್ಣ, ಊರು ಹರಿಹರ.

ಮರುದಿನ ಮಂಗಳವಾರ ಠಾಣೆಯ ಜೀಪು ಚುನಾವಣೆ ಕೆಲಸಕ್ಕೆ ಹೋಗಿತ್ತು. ಕೆಂಚವೀರಪ್ಪ ಮತ್ತು ಶಬ್ಬೀರ್ ಬಸ್ಸು ಹತ್ತಿದರು. ಮಧ್ಯಾಹ್ನ 12.15ಕ್ಕೆ ಹರಿಹರದಲ್ಲಿ, ಕಟ್ಟುತ್ತಿದ್ದ ಒಂದು ಮನೆಯ ಪಡಸಾಲೆಯಲ್ಲಿ ಆಸಾಮಿ ಸಿಕ್ಕ. ಐವತ್ತರ ಪ್ರಾಯದ, ಮೂಳೆ ಚಕ್ಕಳದ ಮನುಷ್ಯ, ಹಲಗೆಯ ಮೇಲೆ ಕೂತು ಕಲ್ಲು ಕೂರಿಸುತ್ತಿದ್ದ.

“ಭರಮಣ್ಣ ನೀನೇನಾ?”

“ಹೌದ್ರಿ.”

“ಭಾನುವಾರ ಎಲ್ಲಿದ್ದೆ?”

“ಇಲ್ಲೇ ಹರಿಹರದಾಗ.” ತಲೆಯೆತ್ತಲಿಲ್ಲ.

“ಸರಿ. ನೀನು ಇಲ್ಲೇ ಇದ್ದಿ ಅಂದ್ರೆ ಶಾಲೆ ನೆಲ ಒಡೆದೋಳು ಅಂಜಿನವ್ವ. ಇವತ್ತು ಐದಕ್ಕೆ ಆಕೀ ಕೆಲಸ ಹೋಗ್ತೈತೆ.”

ಗಾರೆಯ ಕರಣೆ ಹಿಡಿದ ಕೈ ನಿಂತಿತು. “ಆಯಮ್ಮಂದು ಯಾಕ್ರಿ?”

“ಕೀಲಿ ಆಕೀ ಹತ್ರ ಇತ್ತಲ್ಲ.”

“ಅಯ್ಯೋ ಶಿವನೇ! ಕೀಲಿ ಯಾರಿಗೆ ಬೇಕಿತ್ರಿ? ಹಿಂದಿನ ಕಿಟಕಿಗೆ ತಗಡು ಕಟ್ಟಿದವನೇ ನಾನು. ಬಿಚ್ಚಿ ಒಳಗ ಹೋದೆ, ಬರುವಾಗ ಮತ್ತೆ ಕಟ್ಟಿದೆ. ಆಯಮ್ಮನ ತಲಿಗೆ ಬರ್ತೈತೆ ಅಂತ ನನಗೇನು ಗೊತ್ತು? ನಡೀರಿ ಸಾಹೇಬ್ರ, ನಡೀರಿ. ಐದಕ್ಕೆ ಅಂದ್ರಲ್ಲ?”

ಗೂಟಕ್ಕೆ ಹಾಕಿದ್ದ ಅಂಗಿಯನ್ನು ಅವನೇ ತೊಟ್ಟುಕೊಂಡ. ಉಳಿ, ಸುತ್ತಿಗೆಗಳನ್ನು ಪಂಚರ ಸಮಕ್ಷಮ ವಶಪಡಿಸಿಕೊಳ್ಳಲಾಯಿತು. 12.50ಕ್ಕೆ ದಸ್ತಗಿರಿ.

ಠಾಣೆಯಲ್ಲಿ ಮಧ್ಯಾಹ್ನ 2.30ಕ್ಕೆ ಹೇಳಿಕೆ ಬರೆದುಕೊಳ್ಳಲು ಕೂತರು. ಮುರುಗೇಶಪ್ಪನವರ ಮೇಲೆ ದ್ವೇಷವಿತ್ತೇ ಎಂದು ಕೇಳಿದರೆ ಭರಮಣ್ಣ ಅಡ್ಡಡ್ಡ ತಲೆಯಾಡಿಸಿದ. ಶನಿವಾರ ಆಸ್ಪತ್ರೆಗೆ ಹೋಗಿ ಹುಡುಗಿಯ ಕಾಲು ನೋಡಿ ಬಂದಿದ್ದನಂತೆ. “ಅಜ್ಜಾ, ನೆಲ ಹಾಕಿದ್ದು ನೀವೇನಾ ಅಂತ ಕೇಳಿಬಿಡ್ತು ಆ ಮಗು. ಸಾಲಿಯವರು ಹೇಳಿದ್ರೆ ಕೇಳಲ್ಲ, ಒಡೆದ್ರೆ ಹೊಸದು ಹಾಕಿಸ್ಲೇಬೇಕಲ್ಲ ಅಂದ್ಕೊಂಡೆ.”

“ಮತ್ತೇನಾದ್ರೂ ಹೇಳೋದೈತಾ?”

ಭರಮಣ್ಣ ಗೋಡೆಯ ಗಡಿಯಾರ ನೋಡಿದ. “ಎಂಟನೇ ಕ್ಲಾಸು ಉಳೀತ್ರಿ. ಅಲ್ಲಿ ಹದಿಮೂರು ಟೊಳ್ಳದಾವೆ. ಮುಂದಿನ ಭಾನುವಾರ ಹೋಗೋನಿದ್ದೆ. ಸಾಲಿ ಬಿಡೋದು ನಾಕೂವರಿಗೆ, ಇನ್ನೂ ಹುಡುಗೀರು ಅದರ ಮ್ಯಾಲೇ ಕುಂತಿರ್ತಾವೆ.”

ಕೆಂಚವೀರಪ್ಪ ಪೆನ್ನು ಕೆಳಗಿಟ್ಟು ಫೋನ್ ಎಳೆದುಕೊಂಡ. ಆ ಕಡೆ ದ್ರಾಕ್ಷಾಯಣಮ್ಮನವರೇ ಎತ್ತಿದರು. ಆಸಾಮಿ ಸಿಕ್ಕ, ಅಂಜಿನವ್ವ ಅಲ್ಲ ಎಂಬುದನ್ನು ಅವನು ಆಮೇಲೆ ಹೇಳಿದ. ಮೊದಲು ಹೇಳಿದ್ದು ಎಂಟನೇ ತರಗತಿಯ ಮಕ್ಕಳನ್ನು ಹೊರಗೆ ಕರೆಯಲು. ದ್ರಾಕ್ಷಾಯಣಮ್ಮ ಈ ಸಲ ಕಾರ್ಯದರ್ಶಿಗಳನ್ನು ಕೇಳಲು ಹೋಗಲಿಲ್ಲ. ಫೋನ್ ಇಡುವ ಮೊದಲೇ ಅದರಲ್ಲಿ ಶಾಲೆಯ ಗಂಟೆ ಕೇಳಿಸಿತು. ಗಂಟೆ ನಿಲ್ಲುವವರೆಗೂ ಕೆಂಚವೀರಪ್ಪ ರಿಸೀವರನ್ನು ಭರಮಣ್ಣನ ಕಿವಿಗೆ ಹಿಡಿದಿದ್ದ.