ಬಂದರು ಪಾಳಿಯವನ ಟೋಪಿ

ಈ ಪ್ರಕರಣವನ್ನು ಬರೆಯಲು ಹೆಚ್ಚು ಬಲ್ಲವರು ಬೇರೆ ಇದ್ದರು. ಅವರಲ್ಲಿ ಯಾರೂ ಬರೆಯಲಿಲ್ಲವಾದ್ದರಿಂದ ಇಲ್ಲಿ ಹೇಳುವ ಧೈರ್ಯ ಮಾಡಲಾಗಿದೆ, ಓದುವವರು ಕ್ಷಮಿಸಬೇಕು. ಗಂಟೆ, ನಿಮಿಷಗಳನ್ನು ಠಾಣೆಯ ಕಡತದೊಂದಿಗೆ ಮೂರು ಸಲ ತಾಳೆ ನೋಡಿದ್ದಾಗಿದೆ. ಮಾತುಗಳು ಮಾತ್ರ ಅಲ್ಲಿದ್ದವರ ನೆನಪಿನಿಂದ ಬಂದವು. ಒಂದೆರಡು ಹೆಚ್ಚುಕಡಿಮೆ ಇರಬಹುದು.

೨೦೨೫ರ ಅಕ್ಟೋಬರ್ ೧೪, ಮಂಗಳವಾರ. ಮಧ್ಯಾಹ್ನ ೧೨.೨೫ಕ್ಕೆ ಸ್ಪ್ಲಿಟ್ ನಗರದ ಬಂದರು ಠಾಣೆಗೆ ಪಾದ್ರಿ ದೊನ್ ಮಾರಿನ್ ದೂರು ಕೊಡಲು ಬಂದರು. ನಾವಿಕರ ಚರ್ಚಿನ ಗೋಡೆಯಿಂದ ಒಂದು ಬೆಳ್ಳಿ ತಗಡು ಕಳುವಾಗಿತ್ತು; ಹತ್ತೂವರೆಗೆ ಇದ್ದದ್ದು ಹನ್ನೊಂದಕ್ಕೆ ಇರಲಿಲ್ಲ. ಬಿರುಗಾಳಿಯಲ್ಲಿ ಬದುಕಿ ಉಳಿದವರು ಹರಕೆಗೆಂದು ಗೋಡೆಗೆ ಮೊಳೆ ಹೊಡೆದು ಹೋದ ಅರವತ್ತು ತಗಡುಗಳಲ್ಲಿ ಅದೂ ಒಂದು. ಬಾಗಿಲ ಬೀಗ ಮುರಿದಿರಲಿಲ್ಲ.

"ಬೀಗದ ಕೈ ಯಾರ ಹತ್ರ ಇರುತ್ತೆ, ಫಾದರ್?" ಇನ್ಸ್‌ಪೆಕ್ಟರ್ ತೊಂಚಿ ವುಲೆಟಿನ್ ಕೇಳಿದ.

ಪಾದ್ರಿ ಹಿಂದಕ್ಕೆ ತಿರುಗಿ ನೋಡಿದರು. ಬಾಗಿಲ ಬಳಿ ಎಪ್ಪತ್ತೊಂದು ವರ್ಷದ ಫಿಲ್ಕಾ ನಿಂತಿದ್ದಳು. ಚರ್ಚಿನ ಬಾಗಿಲು ತೆಗೆಯುವುದು, ಗುಡಿಸುವುದು, ಮೇಣದಬತ್ತಿ ಹಚ್ಚುವುದು ಮೂವತ್ತೊಂದು ವರ್ಷದಿಂದ ಅವಳ ಕೆಲಸ. ಸೊಂಟದಲ್ಲಿ ಯಾವಾಗಲೂ ತೂಗುತ್ತಿದ್ದ ಬೀಗದ ಕೈ ಈ ದಿನ ಇರಲಿಲ್ಲ. ಅದನ್ನು ಪಾದ್ರಿ ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟರು.

"ಇವರು ಬಾಗಿಲು ಬಿಟ್ಟು ಎಲ್ಲೂ ಹೋಗಿಲ್ಲವಂತೆ. ಹಾಗಾದ್ರೆ ತಗಡು ನಡ್ಕೊಂಡು ಹೋಯ್ತಾ? ಹೆಸರು ಬರ್ಕೊಳ್ಳಿ," ಎಂದರು.

ಎಫ್‌ಐಆರ್‌ನ ಸಂಶಯಿತರ ಅಂಕಣದಲ್ಲಿ ಫಿಲ್ಕಾಳ ಹೆಸರು ಬಿತ್ತು. ಪೇದೆ ನೆದಿಲ್ಕಾ ಪೆರ್ಕೊ ಬರೆಯುವಾಗ ತಲೆ ಎತ್ತಲಿಲ್ಲ. ಅವಳಿಗೆ ಮೊದಲ ಪ್ರಾರ್ಥನೆ ಬಾಯಿಪಾಠ ಮಾಡಿಸಿದವಳು ಇದೇ ಫಿಲ್ಕಾ.

೧೨.೫೦ಕ್ಕೆ ಸ್ಥಳ ಪಂಚನಾಮೆ ಶುರುವಾಯಿತು. ಪಂಚರಾಗಿ ಎದುರಿನ ಕ್ಷೌರಿಕನನ್ನೂ ಮೀನಿನ ವ್ಯಾನಿನ ಬೆಪೊನನ್ನೂ ಕರೆದರು.

"ಬೇಗ ಮುಗ್ಸಿ ಸಾಹೇಬ್ರೆ. ಮೀನು ಮೆತ್ತಗಾದ್ರೆ ನಿಮ್ಮ ಇಲಾಖೆ ಕೊಂಡ್ಕೊಳ್ಳುತ್ತಾ?"

"ಸುಮ್ನೆ ಸಹಿ ಹಾಕು, ಬೆಪೊ."

ಗೋಡೆಯ ತಗಡುಗಳ ಎರಡನೇ ಸಾಲಿನಲ್ಲಿ ಅಂಗೈಯಗಲದ ಬಿಳಿ ಗುರುತು. ಕಿತ್ತ ಎರಡು ಮೊಳೆಗಳನ್ನು ಅದೇ ತೂತುಗಳಿಗೆ ಮರಳಿ ಸಿಕ್ಕಿಸಲಾಗಿತ್ತು. ಕೆಳಗೆ ಅರ್ಧ ಉರಿದ ಹೊಸ ಮೇಣದಬತ್ತಿ. ಆತುರದ ಕಳ್ಳ ಮೊಳೆ ಸಿಕ್ಕಿಸಿ ಹೋಗುವುದಿಲ್ಲ ಎಂದು ತೊಂಚಿಗೆ ಅನಿಸಿತು. ಆದರೆ ಅನಿಸಿದ್ದನ್ನು ಪಂಚನಾಮೆಯಲ್ಲಿ ಬರೆಯುವಂತಿಲ್ಲ.

"ಹತ್ತೂವರೆಯಿಂದ ಹನ್ನೊಂದರ ತನಕ ಎಲ್ಲಿದ್ರಿ, ಶೋರಾ ಫಿಲ್ಕಾ?" ಆ ಬಡಾವಣೆಯಲ್ಲಿ ಹಿರಿಯ ಹೆಂಗಸರನ್ನು ಕರೆಯುವುದೇ ಹಾಗೆ.

"ಇಲ್ಲೇ."

"ಇಲ್ಲೇ ಅಂದ್ರೆ?" ಬೆಪೊ ನಡುವೆ ಬಾಯಿ ಹಾಕಿದ. "ಹತ್ತು ನಲವತ್ತಕ್ಕೆ ಒಂದು ಕಿಲೋ ಬಂಗುಡೆ ನಾನೇ ತೂಗಿ ಕೊಟ್ನಲ್ಲ! ಸಣ್ಣದು ಹಾಕ್ದೆ ಅಂತ ಹತ್ತು ನಿಮಿಷ ಬೈದ್ರಲ್ಲ!"

ಕ್ಷೌರಿಕ ನಕ್ಕ. ಫಿಲ್ಕಾ ಬೆಂಚಿನ ಮೇಲೆ ಕುಳಿತುಬಿಟ್ಟಳು. ಚರ್ಚು ತೆರೆದಿಟ್ಟು ಹೊರಗೆ ಹೋಗಬಾರದೆಂದು ಪಾದ್ರಿ ಕಟ್ಟಪ್ಪಣೆ ಮಾಡಿದ್ದರು. ಮೀನಿನ ವ್ಯಾನು ಬರುವುದು ಮಂಗಳವಾರ ಮಾತ್ರ.

"ಮೀನಿಗೆ ಹೋಗಿದ್ದೆ ಅಂದ್ರೆ ಬೀಗದ ಕೈ ಕಿತ್ಕೊಳ್ತಾರೆ ಅಂತ ಸುಳ್ಳು ಹೇಳ್ದೆ, ಮಗಾ. ಸುಳ್ಳು ಹೇಳಿದ್ದಕ್ಕೆ ಕಳ್ಳಿ ಅಂದ್ರು."

"ಒಳಗೆ ಯಾರಾದ್ರೂ ಇದ್ರಾ?"

"ಒಬ್ಬ ಇದ್ದ. ಮುಖ ಕೇಳ್ಬೇಡ, ನಂಗೆ ಕಣ್ಣಲ್ಲಿ ಪೊರೆ. ಹತ್ರ ಬಂದದ್ದು ಕಾಣುತ್ತೆ. ಮೇಣದಬತ್ತಿ ಕೊಡುವಾಗ ಅವನ ಕೈ ನೋಡ್ದೆ. ಮೊಣಕೈ ಕೆಳಗೆ ಅಡ್ಡಡ್ಡ ಸುಟ್ಟ ಗೆರೆ, ಏಣಿ ಥರ. ನನ್ನ ಗಂಡನ ಕೈಯೂ ಹಂಗೇ ಇತ್ತು. ಒಲೆ ಬಾಯಿಂದ ಬ್ರೆಡ್ಡು ತೆಗೆಯೋ ಕೈ ಅದು. ಮತ್ತೆ ಶಿಲುಬೆ ಗುರುತು ಹಾಕ್ಕೊಂಡಾಗ ಬಲ ಭುಜ ಮೊದಲು ಮುಟ್ಟಿದ. ನಮ್ಮವನಲ್ಲ, ಪೂರ್ವದ ಕಡೆ ಚರ್ಚಿನವನು. ಮಾತು ನಮ್ಮದರ ಹಾಗೇ ಇತ್ತು, ಸ್ವಲ್ಪ ಸೊಟ್ಟ."

ತೊಂಚಿ ಬಾಗಿಲಿಗೆ ಬಂದು ಕೆಳಗಿನ ಬಂದರನ್ನು ನೋಡಿದ. ಅಲ್ಲಿ ಒಂದೇ ಒಂದು ಪ್ರವಾಸಿ ಹಡಗು ನಿಂತಿತ್ತು. ಸಂಜೆ ಆರಕ್ಕೆ ಹೊರಡುವುದು. ಬೆಳಗಾದರೆ ಬೇರೆ ದೇಶದ ಬಂದರು. ಹಡಗು ಹೋದರೆ ಕಡತದಲ್ಲಿ ಉಳಿಯುವುದು ಫಿಲ್ಕಾಳ ಹೆಸರೊಂದೇ.

೧೪.೨೦ಕ್ಕೆ ಹಡಗು ಶೋಧಿಸಲು ಕ್ಯಾಪ್ಟನ್‌ನ ಲಿಖಿತ ಒಪ್ಪಿಗೆ ಸಿಕ್ಕಿತು. ಹಡಗಿನ ಬೇಕರಿಯಲ್ಲಿ ಆರು ಮಂದಿ. ಅವರಲ್ಲಿ ಇಬ್ಬರು ಬಲ್ಗೇರಿಯದ ವಾರ್ನಾ ಊರಿನವರು, ಯಾಸೆನ್ ಮತ್ತು ಪ್ಲಾಮೆನ್. ಇಬ್ಬರದೂ ಬೋಳು ತಲೆ, ಗಡ್ಡ, ಸುಟ್ಟ ಗೆರೆಗಳ ಕೈ. ರಾತ್ರಿ ಬ್ರೆಡ್ಡು ಬೇಯಿಸುವವರಾದ್ದರಿಂದ ಬೆಳಗಿನ ಹೊತ್ತು ಬಿಡುವು. ಊಟದ ಮನೆಯಲ್ಲಿ ಬಡಿಸುವ ರುಮೇನಿಯದ ರುಕ್ಸಾಂದ್ರ ಅವರ ಗೆಳತಿ. ಯಾವ ಬಂದರು ಬಂದರೂ ಮೂವರಲ್ಲಿ ಬಿಡುವಿದ್ದವರು ಸೇರಿ ಊರು ಸುತ್ತುತ್ತಾರೆಂದು ಹಡಗಿನಲ್ಲೆಲ್ಲ ಗೊತ್ತಿತ್ತು.

ಭದ್ರತಾ ಅಧಿಕಾರಿ ದಾಖಲೆ ತೋರಿಸಿದ. ಯಾಸೆನ್‌ನ ಕಾರ್ಡು ಬೆಳಿಗ್ಗೆ ೯.೧೨ಕ್ಕೆ ಹೊರಗೆ, ೧೩.೦೫ಕ್ಕೆ ಒಳಗೆ. ಪ್ಲಾಮೆನ್ ಹೊರಗೆ ಹೋಗಿಲ್ಲ. ಅವನಿಗೆ ಬಂದರು ಪಾಳಿ: ಹಡಗು ದಡದಲ್ಲಿದ್ದಾಗ ಬೆಂಕಿಗಿಂಕಿ ಬಿದ್ದರೆ ಎಂದು ಸಿಬ್ಬಂದಿಯಲ್ಲಿ ಒಂದು ಪಾಲು ಒಳಗೇ ಇರಬೇಕು.

"ಹಾಗಾದ್ರೆ ಯಾಸೆನ್ನೇ," ಎಂದ ಅಧಿಕಾರಿ.

ಯಾಸೆನ್‌ನ ಕೋಣೆ ಶೋಧಿಸಿದರೆ ಏನೂ ಸಿಗಲಿಲ್ಲ. ೧೪.೫೫ಕ್ಕೆ ಅವನ ವಿಚಾರಣೆ.

"ಬೆಳಿಗ್ಗೆ ಎಲ್ಲಿಗೆ ಹೋಗಿದ್ದೆ?"

"ಊರು ಸುತ್ತೋಕೆ. ರುಕ್ಸಾಂದ್ರ ಜೊತೆ."

"ಚರ್ಚಿಗೆ?"

"ಇಲ್ಲ. ಸಮುದ್ರದ ದಂಡೇಲಿ ಕೂತಿದ್ವಿ."

"ಗಾಳಿ ಹೇಗಿತ್ತು?"

"ತಂಪಾಗಿತ್ತು ಸರ್. ಹಿತವಾಗಿತ್ತು."

ನೆದಿಲ್ಕಾ ತೊಂಚಿಯ ಮುಖ ನೋಡಿದಳು. ಆ ಬೆಳಿಗ್ಗೆ ದಕ್ಷಿಣದ ಗಾಳಿ ಬೀಸಿ ಊರಿಗೆ ಊರೇ ಬೆವರು ಅಂಟಿ, ತಲೆ ಸಿಡಿದು, ಸಿಡಿಮಿಡಿಗೊಂಡಿತ್ತು. ಅಲೆಗಳು ದಂಡೆಯ ಬೆಂಚುಗಳ ಮೇಲೆ ಎಗರಿ ಬೀಳುತ್ತಿದ್ದವು. ಹಡಗಿನ ಬೇಕರಿಗೆ ಕಿಟಕಿ ಇಲ್ಲ.

ಇವನು ಹೊರಗೆ ಕಾಲಿಟ್ಟೇ ಇಲ್ಲ ಎಂದು ತೊಂಚಿಗೆ ಖಾತ್ರಿಯಾಯಿತು. ಆದರೆ ಗಾಳಿಯ ಮಾತನ್ನು ಯಾವ ನ್ಯಾಯಾಧೀಶರ ಮುಂದೆ ಇಡುವುದು? ಅವನು ರುಕ್ಸಾಂದ್ರಳನ್ನು ಕರೆಸಿದ. ಗಂಟೆ ೧೫.೨೦.

ಅವಳು ಕುಳಿತುಕೊಳ್ಳುವ ಮೊದಲೇ ಫೋನು ಮುಂದೆ ಹಿಡಿದಳು. "ನೋಡಿ ಸರ್, ಹತ್ತು ಹದಿನೈದಕ್ಕೆ ದಂಡೆ ಮೇಲಿದ್ವಿ. ಫೋಟೋ ತೆಗೆದದ್ದು ಯಾಸೆನ್."

ಫೋಟೋದಲ್ಲಿ ಕೂದಲು ಕೆದರಿದ ರುಕ್ಸಾಂದ್ರ ತಾಳೆಮರದ ಕೆಳಗೆ ನಿಂತು ನಗುತ್ತಿದ್ದಳು. ಕೈಯಲ್ಲಿ ಒಂದು ಹಳದಿ ಉಣ್ಣೆ ಟೋಪಿ.

"ಈ ಸೆಕೆಗೆ ಉಣ್ಣೆ ಟೋಪಿನಾ?"

"ಹಾಕ್ಕೊಳ್ಳೋಕಲ್ಲ ಸರ್. ಅದು ನಮ್ಮ ಪದ್ಧತಿ."

"ಏನು ಪದ್ಧತಿ?"

ಅವಳಿಗೆ ಹೇಳುವ ಖುಷಿ. ಬೆರಳಿನಿಂದ ಫೋಟೋಗಳನ್ನು ಹಿಂದೆ ಸರಿಸುತ್ತ ಹೋದಳು. "ಮೂರು ಜನಕ್ಕೂ ಒಟ್ಟಿಗೆ ರಜ ಸಿಗೋದು ಅಪರೂಪ. ಯಾರಿಗೆ ಬಂದರು ಪಾಳಿ ಬೀಳುತ್ತೋ ಅವರ ಟೋಪಿ ಊರು ನೋಡೋಕೆ ಬರುತ್ತೆ. ಇದು ನೇಪಲ್ಸ್, ನೀಲಿ ಟೋಪಿ, ಪ್ಲಾಮೆನ್‌ದು. ಇದು ವಲೆಟ್ಟಾ, ಕೆಂಪು ಸ್ಕಾರ್ಫು ನಂದು, ಆವತ್ತು ನಾನು ಒಳಗಿದ್ದೆ. ಇದು ಕೊರ್ಫು. ಹಡಗಿನಲ್ಲಿ ಉಳಿದವರು ಹೊಟ್ಟೆ ಉರ್ಕೋಬಾರ್ದು ಅಂತ."

"ಒಂದು ಸಲವೂ ತಪ್ಪಿಲ್ವಾ?"

"ಇಲ್ಲ ಸರ್. ಬಾಕಿ ಏನು ಸುಳ್ಳು ಹೇಳಿದ್ರೂ ಫೋಟೋದಲ್ಲಿ ಸುಳ್ಳಿಲ್ಲ."

"ಹಳದಿ ಟೋಪಿ ಯಾರದು?"

ಅವಳ ಬೆರಳು ಪರದೆಯ ಮೇಲೆ ನಿಂತಿತು.

"ಹೇಳಮ್ಮ. ಮೇಲೆ ಚರ್ಚಿನಲ್ಲಿ ಒಬ್ಬ ಮುದುಕಿಯ ಮೇಲೆ ಕಳ್ಳತನ ಬಂದಿದೆ."

"ಯಾಸೆನ್‌ದು," ಎಂದಳು. ಆಮೇಲೆ ಕಣ್ಣೊರೆಸಿಕೊಂಡಳು. "ಪ್ಲಾಮೆನ್ ಅರ್ಧ ಗಂಟೆ ಎಲ್ಲೋ ಹೋಗಿ ಬಂದ. ಎಲ್ಲಿಗೆ ಅಂತ ಕೇಳ್ಲಿಲ್ಲ. ಕಳವು ಅಂತ ನಂಗೆ ಗೊತ್ತಿರ್ಲಿಲ್ಲ, ದೇವರಾಣೆ."

ಕಾರ್ಡುಗಳನ್ನು ಅದಲುಬದಲು ಮಾಡಿಕೊಂಡು ಪ್ಲಾಮೆನ್ ಹೊರಗೆ ಹೋಗಿದ್ದ. ಯಾಸೆನ್ ಅವನ ಪಾಳಿಗೆ ನಿಂತಿದ್ದ. ಹಡಗಿಗೆ ಮೋಸ ಮಾಡಿದವರು ತಮ್ಮ ಪದ್ಧತಿಗೆ ಮೋಸ ಮಾಡಿರಲಿಲ್ಲ. ಮೆಟ್ಟಿಲ ಬಳಿಯ ಕಾವಲುಗಾರ ಒಪ್ಪಿಕೊಂಡ: "ಏಳುನೂರು ಜನ ಸಿಬ್ಬಂದಿ ಸರ್. ಬೋಳು ತಲೆ, ಗಡ್ಡ, ಯಂತ್ರ ಕಾರ್ಡು ಸರಿ ಅಂತು, ಬಿಟ್ಟೆ."

೧೫.೫೦. ಬೇಕರಿಯಲ್ಲಿ ಪ್ಲಾಮೆನ್ ಹಿಟ್ಟು ನಾದುತ್ತಿದ್ದ. ನಲವತ್ತೊಂದು ವರ್ಷ, ಗಟ್ಟಿ ಆಳು. ಸಮವಸ್ತ್ರ ಕಂಡೊಡನೆ ಕೈ ನಿಲ್ಲಿಸಿದ.

"ಯಾಸೆನ್‌ನ ಹಿಡಿದ್ರಾ?"

"ಇನ್ನೂ ಇಲ್ಲ."

"ಅವನಿಗೇನೂ ಗೊತ್ತಿಲ್ಲ. ಕೊನೇ ಸಲ ಊರು ನೋಡ್ಬೇಕು ಅಂದೆ, ಪಾಳಿ ವಹಿಸ್ಕೊಂಡ. ಈ ತಟ್ಟೆಗಳನ್ನ ಒಲೆಗೆ ಹಾಕಿ ಬರ್ಲಾ? ಎರಡು ಸಾವಿರ ಜನರ ರಾತ್ರಿ ಊಟ."

"ಹಾಕು."

ಹನ್ನೊಂದು ನಿಮಿಷ ಕಾದರು. ಆಮೇಲೆ ಅವನೇ ಹಿಟ್ಟಿನ ಡಬ್ಬದೊಳಗೆ ಮೊಣಕೈವರೆಗೆ ಕೈ ಇಳಿಸಿ, ಬಟ್ಟೆಯಲ್ಲಿ ಸುತ್ತಿದ ತಗಡನ್ನು ಹೊರತೆಗೆದ. ಜಪ್ತಿ ಪಂಚನಾಮೆ ೧೬.೧೦ಕ್ಕೆ. ಮುಂಬದಿಯಲ್ಲಿ ಅಲೆಗಳ ನಡುವೆ ಸರಕು ಹಡಗು, ಕೆಳಗೆ ೧೯೮೮. ಹಿಂಬದಿಯಲ್ಲಿ ಮೊಳೆಯಿಂದ ಕೆತ್ತಿದ ಹನ್ನೊಂದು ಹೆಸರು, ಬಲ್ಗೇರಿಯದ ಲಿಪಿಯಲ್ಲಿ. ಏಳನೆಯದು ಪ್ಲಾಮೆನ್‌ನ ತಂದೆಯದು.

೧೬.೩೦ಕ್ಕೆ ಬಂಧನ. ಯಾಸೆನ್ ಮತ್ತು ಕಾವಲುಗಾರನ ವಿಚಾರವನ್ನು ಕ್ಯಾಪ್ಟನ್‌ಗೆ ಬಿಟ್ಟರು. ಹಡಗು ಆರಕ್ಕೆ ಹೊರಟಿತು. ಹಿಂದಿನ ಡೆಕ್ಕಿನ ಮೇಲೆ ಒಬ್ಬ ಹೆಂಗಸು ನಿಂತು ನೀಲಿ ಟೋಪಿಯೊಂದನ್ನು ಕೈಯೆತ್ತಿ ಹಿಡಿದಿದ್ದಳೆಂದು ನೆದಿಲ್ಕಾ ಹೇಳುತ್ತಾಳೆ.

ಹೇಳಿಕೆಯಲ್ಲಿ ಪ್ಲಾಮೆನ್ ಬರೆಸಿದ್ದು ಇಷ್ಟು. ತಂದೆ ಸರಕು ಹಡಗಿನವನು. ಬಿರುಗಾಳಿಯಿಂದ ಪಾರಾಗಿ ಸ್ಪ್ಲಿಟ್ ಸೇರಿದಾಗ ಹೆಂಡತಿಗೆ ಒಂದು ಕಾರ್ಡು ಬರೆದಿದ್ದ: ಇಲ್ಲಿಯ ಗೋಡೆಗೆ ನನ್ನ ಹೆಸರು ಹೊಡೆದಿದ್ದೇನೆ, ಬದುಕಿದ್ದೇನೆ ಎನ್ನುವುದಕ್ಕೆ ಸಾಕ್ಷಿ. ಎರಡು ವರ್ಷದ ಮೇಲೆ ಬೇರೊಂದು ಹಡಗಿನೊಂದಿಗೆ ಮುಳುಗಿದ. ಹೆಣ ಸಿಗಲಿಲ್ಲ. ತಾಯಿಗೆ ಈಗ ಎಂಬತ್ತು. ಸತ್ತವರ ದಿನ ಎಲ್ಲರೂ ಬೇಯಿಸಿದ ಗೋಧಿ ಹಿಡಿದು ಸಮಾಧಿಗಳ ಬಳಿ ಹೋದರೆ ಅವಳು ಹೋಗಲು ಜಾಗವಿಲ್ಲದೆ ಅಡುಗೆಮನೆಯಲ್ಲೇ ಇರುತ್ತಾಳೆ. ಹೂಳುವುದಕ್ಕೆ ಏನಾದರೂ ಬೇಕಿತ್ತು. ಆ ಬೇಸಿಗೆಯಲ್ಲಿ ಪ್ಲಾಮೆನ್ ನಾಲ್ಕು ಸಲ ಬಂದು ತಗಡು ನೋಡಿ ಹೋಗಿದ್ದ. ಐದನೆಯದೇ ಕೊನೆಯ ಸಲ; ಚಳಿಗಾಲಕ್ಕೆ ಹಡಗು ಬೇರೆ ಸಮುದ್ರಕ್ಕೆ ಹೋಗುವುದಿತ್ತು. ಆ ದಿನವೇ ಪಾಳಿ ಅವನ ತಲೆಗೆ ಬಿತ್ತು.

"ಕೇಳಿದ್ರೆ ಪಾದ್ರಿ ಕೊಡ್ತಿದ್ರೋ ಏನೋ," ತೊಂಚಿ ಅಂದ.

"ಕೊಡಲ್ಲ ಅಂದಿದ್ರೆ? ಆಮೇಲೆ ಕದಿಯೋಕೂ ಆಗ್ತಿರ್ಲಿಲ್ಲ ಸರ್."

ಎಫ್‌ಐಆರ್‌ನಲ್ಲಿ ಫಿಲ್ಕಾಳ ಹೆಸರಿನ ಮೇಲೆ ಗೆರೆ ಎಳೆದು ತೊಂಚಿ ಸಹಿ ಹಾಕಿದ. ಅಂದು ಸಂಜೆಯೇ ಪಾದ್ರಿ ಬಂದು ಬೀಗದ ಕೈಯನ್ನು ಅವಳ ಕೈಗೆ ಕೊಟ್ಟರು. "ಮಂಗಳವಾರ ಹತ್ತು ನಿಮಿಷ ಬಾಗಿಲು ಹಾಕ್ಕೊಂಡು ಹೋಗಿ," ಎಂದರು. ಕ್ಷಮೆ ಎನ್ನುವ ಶಬ್ದ ಅವರ ಬಾಯಿಂದ ಬರಲಿಲ್ಲ. ಅವಳೂ ಅದಕ್ಕೆ ಕಾಯಲಿಲ್ಲ. ನೆದಿಲ್ಕಾಳ ಹತ್ತಿರ ಬಂದು ಆ ಹುಡುಗನ ತಾಯಿಯ ವಿಳಾಸ ಕೇಳಿದಳು.

ನ್ಯಾಯಾಲಯ ಪ್ಲಾಮೆನ್‌ಗೆ ಆರು ತಿಂಗಳ ಶಿಕ್ಷೆ ವಿಧಿಸಿ, ಅಮಾನತಿನಲ್ಲಿಟ್ಟು ಊರಿಗೆ ಕಳುಹಿಸಿತು. ಜನವರಿಯಲ್ಲಿ ತಗಡು ಗೋಡೆಗೆ ಮರಳಿತು. ಮಾರ್ಚಿನಲ್ಲಿ ಒಂದು ದಿನ ತೊಂಚಿ ಅದನ್ನು ನೋಡಲು ಹೋದ. ಒಂದು ಮೊಳೆ ಸಡಿಲವಾಗಿತ್ತು. ತಗಡನ್ನು ಸ್ವಲ್ಪ ಓರೆ ಮಾಡಿ ನೋಡಿದರೆ ಹಿಂಬದಿಯ ಹೆಸರುಗಳಲ್ಲಿ ಏಳನೆಯದರ ಗೆರೆಗಳೊಳಗೆ ಒಣಗಿದ ಹಿಟ್ಟು ಕಂಡಿತು. ಬಾಗಿಲ ಬಳಿ ಫಿಲ್ಕಾ, ಬೇಕರಿಯವನ ಹೆಂಡತಿಯಾಗಿ ನಲವತ್ತು ವರ್ಷ ಬಾಳಿದವಳು, ಬೆನ್ನು ತಿರುಗಿಸಿ ಗುಡಿಸುತ್ತಿದ್ದಳು.

ಅದು ಹಡಗಿನ ಡಬ್ಬದಲ್ಲಿ ಅಂಟಿದ ಹಿಟ್ಟೋ, ಯಾರಾದರೂ ಆ ಹೆಸರನ್ನು ನಾದಿದ ಹಿಟ್ಟಿಗೆ ಒತ್ತಿ, ಬೇಯಿಸಿ, ವಾರ್ನಾಕ್ಕೆ ಕಳುಹಿಸಿದ್ದರೋ ಗೊತ್ತಿಲ್ಲ. ಜಪ್ತಿ ಪಂಚನಾಮೆಯಲ್ಲಿ ಹಿಟ್ಟಿನ ವಿಷಯ ಬರೆಯುವುದು ಬಿಟ್ಟುಹೋಗಿದೆ. ತೊಂಚಿ ಮೊಳೆಯನ್ನು ಹೆಬ್ಬೆರಳಿನಿಂದ ಒತ್ತಿ ಬಿಗಿ ಮಾಡಿದ. ಫಿಲ್ಕಾಳಿಗೆ ನಮಸ್ಕಾರ ಹೇಳಿ ಹೊರಟ.