ಕಾಣೆಯಾದ ಕಸಿಕೊಂಬೆ

"ಅಮ್ಮಾ, ಗಿಡ ಅಲ್ಲೇ ಇದೆ. ಆದ್ರೆ ಅದು ಆ ಗಿಡ ಅಲ್ವಂತೆ! ನಾನೇ ಕದ್ದು ಮಾರಿದೀನಂತೆ!"

ಕಸಿ ಕಟ್ಟುವುದರಲ್ಲಿ ಪಳಗಿದ್ದ ತೋಟದ ಮಾಲಿ, ನಾವೆಲ್ಲ ಮಾಮ ಎನ್ನುತ್ತಿದ್ದವರು, ನಮ್ಮ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ವೃಕ್ಷ ಸಂಶೋಧನಾ ಕೇಂದ್ರದ ವಸತಿಗೃಹಗಳಲ್ಲಿ ಏನೇ ಕಳೆದರೂ ಜನ ಬರುತ್ತಿದ್ದುದು ನನ್ನ ಅತ್ತೆಯ ಬಳಿಗೆ.

"ಅಳೋದಾದ್ರೆ ಈರುಳ್ಳಿ ನೀನೇ ಹೆಚ್ಚು. ಇಲ್ಲಾಂದ್ರೆ ಕೂತು ಹೇಳು," ಎಂದರು ಅತ್ತೆ.

ಕಾಡಿನ ಒಂದು ಜಾತಿಯ ಮರಗಳೆಲ್ಲ ಒಣಗು ರೋಗಕ್ಕೆ ಸಾಯುತ್ತಿದ್ದಾಗ, ರೋಗ ತಾಗದ ಒಂದೇ ಮರವನ್ನು ನನ್ನ ಗಂಡ ಹುಡುಕಿ ಅದರ ಡಿಎನ್‌ಎ ಪೂರ್ತಿ ಓದಿಸಿದ್ದರು. ಆ ತಾಯಿಮರ ಗಾಳಿಗೆ ಉರುಳಿತು. ಉಳಿದದ್ದು ತೋಟದಲ್ಲಿದ್ದ ಒಂದು ಕಸಿ ಗಿಡ. ಹೋದ ವರ್ಷ ಗಂಡನೂ ಹೋದರು, ಹೃದಯ ನಿಂತು, ಕೆಲಸದ ನಡುವೆಯೇ. ಈಗ ಪರೀಕ್ಷೆಯಲ್ಲಿ ಆ ಗಿಡದ ಎಲೆಯ ಡಿಎನ್‌ಎ ತಾಯಿಮರದ್ದಕ್ಕೆ ಹೊಂದಿರಲಿಲ್ಲ; ಕೇಂದ್ರದ ನಿರ್ದೇಶಕರು ಮಾಮನ ಮೇಲೆ ಕಳವು ಹೊರಿಸಿದ್ದರು. ಕಸಿ ಸಿಗದಿದ್ದರೆ ಆ ತಳಿ ಮುಗಿದಂತೆ.

ಅತ್ತೆ ಬಾಗಿಲ ಹಿಂದೆ ತೂಗಿದ್ದ, ಗಿಡ ಸವರುವ ಕತ್ತರಿ ತೆಗೆದುಕೊಂಡರು. ಗಂಡನದು, ನನ್ನ ಬಲಗೈಗೆ ಅದು ಎಂದೂ ಒಗ್ಗಿದ್ದಿಲ್ಲ. ಹೊರಡುವಾಗ ಮಲಗುವ ಕೋಣೆಯತ್ತ ಕಿವಿಗೊಟ್ಟರು.

"ಅದೇನೇ ಸದ್ದು?"

"ಕಿಟಕಿಗೆ ಏನೋ ಉಜ್ಜುತ್ತೆ, ಅತ್ತೆ." ಒಂದು ವರ್ಷದಿಂದ ನಾನು ಅದನ್ನು ತೆರೆದಿರಲಿಲ್ಲ.

ತೋಟದಲ್ಲಿ ಆ ಗಿಡದ ಸುತ್ತ ಬರಿಯ ಗುಂಡಿಗಳು. ಹೋದ ವರ್ಷ ರೋಗ ಬಂದ ಗಿಡಗಳನ್ನು ಬೇರುಸಮೇತ ಕಿತ್ತಿದ್ದರು. ಉಳಿದ ಈ ಗಿಡದ ಬುಡದಲ್ಲಿ ಓರೆಯಾದ ಹಳೆಯ ಗಾಯ. ಎಲೆಗಳೆಲ್ಲ ಅದರ ಕೆಳಗಿನಿಂದ ಒಡೆದ ಚಿಗುರಿನವು.

"ಎಲ್ಲಿ, ಒಂದು ಕೊಂಬೆ ಕತ್ತರಿಸು," ಎಂದು ಅತ್ತೆ ಮಾಮನ ಕೈಗೆ ಮಾಮನದೇ ಕತ್ತರಿ ಹಿಡಿಸಿದರು. ಹಳೆಯ ಗಾಯದ ಓರೆ ಒಂದು ಕಡೆಗೆ, ಮಾಮನ ಕೊಯ್ತದ ಓರೆ ಅದರ ವಿರುದ್ಧ ಕಡೆಗೆ. ಅತ್ತೆ ತಾವು ತಂದಿದ್ದ ಕತ್ತರಿಯ ಅಲಗನ್ನು ಆ ಗಾಯಕ್ಕೆ ಹಿಡಿದು ನೋಡಿದರು.

ವಾರದ ಬಳಿಕ ಅತ್ತೆ ನಿರ್ದೇಶಕರನ್ನೂ ಮಾಮನನ್ನೂ ನನ್ನ ಕೋಣೆಗೇ ಕರೆದರು.

"ನೀವು ಪರೀಕ್ಷೆ ಮಾಡಿದ್ದು ಕಸಿ ಹೊತ್ತಿದ್ದ ಬೇರುಗಿಡದ ಎಲೆ, ಸಾರ್." ಎಂದರು ಅತ್ತೆ. " ಮೇಲಿದ್ದ ಕಸಿ ಹೋದ ವರ್ಷವೇ ಹೋಗಿದೆ. ಕೊಂಬೆಗೆ ರೋಗ ತಾಗಲ್ಲ, ಸರಿ. ಅದನ್ನ ಹೊತ್ತ ಬೇರು ಸಾಮಾನ್ಯದ್ದು. ಅಕ್ಕಪಕ್ಕ ಎಲ್ಲ ಒಣಗ್ತಿದ್ದಾಗ ಯಾರೋ ಹೆದರಿ ಕೊಂಬೆ ಕತ್ತರಿಸಿ ರೋಗ ಇಲ್ಲದ ಕಡೆ ಬೇರೆ ಗಿಡದ ಬೇರಿಗೆ ಕಟ್ಟಿದ್ದಾರೆ. ಕತ್ತರಿಸಿದೋನು ಎಡಚ."

ನಿರ್ದೇಶಕರು ಅತ್ತೆ ಕಿಟಕಿಯ ಬಳಿ ತಂದಿಟ್ಟಿದ್ದ ನನ್ನ ಗಂಡನ ಎಡಗೈ ಕತ್ತರಿ ನೋಡಿದರು.

"ಹೌದು, ಕಳ್ಳನ್ನ ಹೆತ್ತೋಳು ನಾನೇ," ಎಂದರು ಅತ್ತೆ.

"ಯಾರಿಗೂ ಯಾಕೆ ಹೇಳ್ಲಿಲ್ಲ ಅವರು?" ಎಂದರು ನಿರ್ದೇಶಕರು.

ಉತ್ತರ ಮಾಮನಿಂದ ಬಂತು. "ಕಸಿ ಚಿಗುರೋ ತನಕ ಕಸಿ ಕಟ್ಟೋರು ಯಾರೂ ಬಾಯಿ ಬಿಡಲ್ಲ, ಸಾರ್. ಅಷ್ಟರಲ್ಲಿ ಅವ್ರೇ ಹೋಗ್ಬಿಟ್ರು."

"ಹಾಗಾದ್ರೆ ಆ ಗಿಡ ಈಗೆಲ್ಲಿ?"

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ವಿ," ಎಂದರು ಅತ್ತೆ. "ಈ ಕಿಟಕಿ ಹೊರಗಿನ ಗಿಡಕ್ಕೆ ಕಸಿಯ ಗಂಟಿದೆ. ಎಲೆ ಕಳಿಸಿದ್ದೆ. ನಿಮ್ಮ ಲ್ಯಾಬೇ ಬೆಳಿಗ್ಗೆ ಹೇಳಿದೆ, ತಾಯಿಮರದ್ದೇ."

ನಿರ್ದೇಶಕರು ಎದ್ದು ಮಾಮನ ಕೈ ಹಿಡಿದುಕೊಂಡರು. "ತಪ್ಪಾಯ್ತು."

ಅತ್ತೆ ನನ್ನತ್ತ ತಿರುಗಿದರು. "ತೆಗಿ, ಮಗಳೇ. ವರ್ಷದಿಂದ ಬಾಗಿಲು ಬಡೀತಿದೆ."

ಚಿಲಕ ಬಿಗಿದಿತ್ತು. ತೆರೆದ ಕೂಡಲೇ ಎಲೆ ತುಂಬಿದ ಕೊಂಬೆಯೊಂದು ಒಳಕ್ಕೆ ಬಾಗಿ ದಿಂಬಿನ ಮೇಲೆ ನಿಂತಿತು.

ಕತ್ತರಿ ಕೈಯಳತೆಯಲ್ಲೇ ಇತ್ತು. ನಾನು ಮಂಚವನ್ನು ಸ್ವಲ್ಪ ಸರಿಸಿದೆ.